ಗಲಾಟೆ ಅಲ್ಲ, ಹಲ್ಲೆ

ಬಹಳ ವರ್ಷ ಒಂದು ಕನ್ನಡ ಪತ್ರಿಕೆಯ ಡೆಸ್ಕಿನಲ್ಲಿ ಕೂತು ಬೇರೆಯವರ ವಾಕ್ಯಗಳನ್ನು ತಿದ್ದುವುದೇ ನನ್ನ ಕೆಲಸವಾಗಿತ್ತು. ಅದನ್ನು ಬಿಟ್ಟ ಮೇಲೆ ಜೆ.ಪಿ. ನಗರದಲ್ಲಿ, ಒಂದು ಹಲ್ಲಿನ ಕ್ಲಿನಿಕ್ಕಿನ ಮೇಲಿನ ಕೋಣೆಯಲ್ಲಿ, ಬೇರೆ ಕೆಲಸಕ್ಕೆ ಸೇರಿಕೊಂಡೆ. ದೇವರ ಹೆಸರಿನಲ್ಲಿ ಜನರನ್ನು ಹೊಡೆಯುವ ಒಂದು ಗುಂಪು ದೇಶದ ಯಾವ ಊರಿನಲ್ಲಿ ಕಾಲೂರಿದೆ, ಎಲ್ಲಿ ಏನು ಮಾಡಿದೆ ಎಂದು ದಿನವೂ ಪತ್ರಿಕೆಗಳನ್ನು ಓದಿ, ಊರಿನವರಿಗೆ ಫೋನು ಮಾಡಿ ಖಚಿತಪಡಿಸಿಕೊಂಡು, ಕಂಪ್ಯೂಟರಿನ ನಕ್ಷೆಯ ಮೇಲೆ ಗುರುತು ಹಾಕುವುದು ಆ ಕೆಲಸ. ಗುಂಪಿನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ತಮ್ಮ ಹೆಸರು ಅಚ್ಚಾದ ಕಡೆಯೆಲ್ಲ ಅವರಿಗೆ ಹಬ್ಬ. ಅವರು ಕೂಗುವುದು ನನ್ನ ಮನೆದೇವರ ಹೆಸರನ್ನೇ ಎಂದಷ್ಟೇ ಹೇಳಿದರೆ ಸಾಕು. ನನ್ನ ಕೋಪ ಅಲ್ಲಿಂದ ಶುರುವಾಗುತ್ತದೆ.

ನಾವು ಮೂರು ಜನ. ಈ ಕೆಲಸವನ್ನು ಶುರು ಮಾಡಿದವರು ಕಾನೂನು ಕಾಲೇಜಿನಲ್ಲಿ ಪಾಠ ಹೇಳಿ ನಿವೃತ್ತರಾದ ಮೇಷ್ಟ್ರು. ಎರಡನೆಯವಳು ಬಾಗಲಕೋಟೆ ಕಡೆಯ ಹುಡುಗಿ, ಬಿಟಿಎಂ ಲೇಔಟಿನಲ್ಲಿ ಗೆಳತಿಯರ ಜೊತೆ ಬಾಡಿಗೆಗಿದ್ದಳು, ಮರಾಠಿ ಹಿಂದಿ ಪತ್ರಿಕೆಗಳೆಲ್ಲ ಅವಳ ಪಾಲು. ಕನ್ನಡ ತೆಲುಗು ನನ್ನದು. ಬೆಳಿಗ್ಗೆ ಹೋಗಿ ಕೂತರೆ ಕೆಳಗಿನ ಕ್ಲಿನಿಕ್ಕಿನ ಡ್ರಿಲ್ಲಿನ ಸದ್ದು ನೆಲದೊಳಗಿಂದ ಕಾಲಿಗೆ ಬರುತ್ತಿತ್ತು. ಯಾರದೋ ಹಲ್ಲು ಕೊರೆಯುವ ಸದ್ದು ಕೇಳುತ್ತ ಯಾರದೋ ತಲೆ ಒಡೆದ ಸುದ್ದಿ ಓದುವುದು. ಅಭ್ಯಾಸವಾಗಿ ಹೋಗಿತ್ತು.

ಕೆಲವು ವರ್ಷ ಹೀಗೆ ಓದಿದರೆ ಒಂದು ವಿಷಯ ಯಾರಿಗಾದರೂ ತಿಳಿಯುತ್ತದೆ. ಆ ಗುಂಪು ಯಾವ ಊರಿಗೂ ಮೊದಲ ದಿನವೇ ದೊಣ್ಣೆ ಹಿಡಿದು ಬರುವುದಿಲ್ಲ. ಮೊದಲು ಒಂದು ರಕ್ತದಾನ ಶಿಬಿರ. ಆಮೇಲೆ ಬಡಾವಣೆಯ ಹುಡುಗರಿಗೆ ಉಚಿತ ವ್ಯಾಯಾಮದ ತರಗತಿ. ಆಮೇಲೆ ಯಾರ ಮನೆಗೆ ಯಾರು ಬಾಡಿಗೆಗೆ ಬಂದರು, ಯಾರ ಮಗಳು ಯಾರ ಬೈಕಿನ ಹಿಂದೆ ಕೂತಳು ಎಂದು ಹಂಚಿಕೊಳ್ಳುವ ವಾಟ್ಸ್ಯಾಪ್ ಗುಂಪು. ಆಮೇಲೆ ಒಂದು ಶುಕ್ರವಾರ, ಇಲ್ಲವೇ ಒಂದು ಭಾನುವಾರ. ಹೊಡೆತ ತಿಂದವರು ಠಾಣೆಗೆ ಹೋದರೆ ಅವರ ಮೇಲೆಯೇ ಕೇಸು. ಮಾರನೆಯ ದಿನ ಪತ್ರಿಕೆಯಲ್ಲಿ "ಎರಡು ಗುಂಪುಗಳ ನಡುವೆ ಗಲಾಟೆ".

ಈ "ಗಲಾಟೆ" ಎಂಬ ಪದದ ಮೇಲೆ ನನಗೆ ಬೇರೆಯೇ ಸಿಟ್ಟು. ಮನೆ ತುಂಬ ಮಕ್ಕಳಿದ್ದರೆ ಗಲಾಟೆ. ಮದುವೆ ಛತ್ರದಲ್ಲಿ ಗಲಾಟೆ. ಹತ್ತಾರು ಜನ ಒಬ್ಬ ಮುದುಕನನ್ನು ನೆಲಕ್ಕೆ ಕೆಡವಿ ಒದ್ದರೆ ಅದೂ ಗಲಾಟೆಯೇ? ಹೊಡೆದವರಿಗೂ ಕ್ರಿಯಾಪದವಿಲ್ಲ, ತಿಂದವರಿಗೂ ಕ್ರಿಯಾಪದವಿಲ್ಲ, ಮಳೆ ಬಂದ ಹಾಗೆ ಅದು ತಾನೇ "ನಡೆಯಿತು". "ಬಿಗುವಿನ ವಾತಾವರಣ ನಿರ್ಮಾಣವಾಯಿತು." ಯಾವ ಕಂಟ್ರಾಕ್ಟರು ಬಂದು ನಿರ್ಮಿಸಿದ?

ಜಯನಗರದಲ್ಲಿರುವ ನಮ್ಮ ಭಾವ ಸಿಕ್ಕಾಗಲೆಲ್ಲ ಕೇಳುತ್ತಿದ್ದರು. "ಎಲ್ಲೋ ಉತ್ತರದಲ್ಲಿ ಏನೋ ಆದ್ರೆ ನಿನಗ್ಯಾಕೆ ಬಿಪಿ? ನಮ್ಮ ಕಡೆ ಜನ ಹಂಗಲ್ಲ ಬಿಡು."

ನಮ್ಮ ಮನೆ ಚಿಕ್ಕಲಸಂದ್ರದಲ್ಲಿ. ಅಪ್ಪ ಕಟ್ಟಿಸಿದ್ದು. ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಾಗ ನೋಡಿಕೊಳ್ಳಲು ಒಬ್ಬ ನರ್ಸ್ ಬೇಕಾಯಿತು. ಆಸ್ಪತ್ರೆಯಲ್ಲೇ ಯಾರೋ ಹೇಳಿ ಕಳಿಸಿದರು. ಬಂದವಳು ನಲವತ್ತು ದಾಟಿದ ಗಟ್ಟಿ ಹೆಂಗಸು, ಕೋಲಾರದ ಕಡೆಯವಳು, ಕನ್ನಡದ ಮಧ್ಯೆ ತೆಲುಗು ತಮಿಳು ಧಾರಾಳವಾಗಿ ಸುರಿಯುವವಳು. ನಾವೆಲ್ಲ "ಸಿಸ್ಟರ್" ಎನ್ನುತ್ತಿದ್ದೆವು.

ಸಿಸ್ಟರ್ ಕ್ರೈಸ್ತಳೆಂದು ಅಮ್ಮನಿಗೆ ಮೊದಲ ದಿನವೇ ಗೊತ್ತಾಯಿತು. ಗೊತ್ತಾಗಿ ಮುಖ ಸಣ್ಣದು ಮಾಡಿಕೊಂಡಳು. ಅಡುಗೆಮನೆಗೆ ಬರುವುದು ಬೇಡ ಎಂದು ನನಗೆ ಕೇಳುವಷ್ಟು ಮೆಲ್ಲಗೆ, ಸಿಸ್ಟರಿಗೂ ಕೇಳುವಷ್ಟು ಜೋರಾಗಿ ಹೇಳಿದಳು. ಸಿಸ್ಟರ್ ತನ್ನ ಬುತ್ತಿಯನ್ನು ಹಿತ್ತಲ ಮೆಟ್ಟಿಲ ಮೇಲೆ ಕೂತು ಉಂಡಳು. ಆದರೆ ಮಲಗಿದವರನ್ನು ನೋವಾಗದ ಹಾಗೆ ಮಗ್ಗುಲಾಗಿಸುವುದು ಅವಳಿಗೆ ಮಾತ್ರ ಬರುತ್ತಿತ್ತು. ನಾನು ಮುಟ್ಟಿದರೆ ಅಮ್ಮ ಚೀರುತ್ತಿದ್ದಳು. ಕೆಲವು ದಿನ ಕಳೆಯುವಷ್ಟರಲ್ಲಿ ಅಮ್ಮ ಮಂಚದಿಂದಲೇ ಕೂಗಿದಳು. "ಏನಮ್ಮಾ, ಮಳೇಲಿ ಕೂತ್ಕೊಂಡು ಉಣ್ತೀಯಲ್ಲ, ಬುದ್ಧಿ ಬೇಡ್ವಾ? ಒಳಗ್ ಬಾ."

ಸಿಸ್ಟರ್ ಸುಮ್ಮನೆ ಸಹಿಸಿಕೊಳ್ಳುವ ಜಾತಿಯವಳಲ್ಲ. "ಈಗ ಮಡಿ ಹೋಗಲ್ವಾ ಅಮ್ಮಾ?" ಎಂದು ಕೇಳಿಯೇ ಒಳಗೆ ಬಂದಳು. ಅಮ್ಮ, "ಸೊಂಟನೇ ಹೋಗಿದೆ, ಮಡಿ ಯಾವ ಲೆಕ್ಕ" ಎಂದಳು. ಅವತ್ತಿನಿಂದ ಇಬ್ಬರೂ ದಿನವಿಡೀ ಜಗಳವಾಡಿಕೊಂಡು ಖುಷಿಯಾಗಿದ್ದರು.

ಒಂದು ಮಧ್ಯಾಹ್ನ ನಾನು ಒಳಗೆ ಬಂದಾಗ ಸಿಸ್ಟರ್ ಅಮ್ಮನ ತಲೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿ ಏನೋ ಹೇಳುತ್ತಿದ್ದಳು. ನನಗೆ ಸರಿಬೀಳಲಿಲ್ಲ. "ಸಿಸ್ಟರ್, ಇದೆಲ್ಲ ನಮ್ಮನೇಲಿ ಬೇಡ," ಎಂದೆ. ಸಿಸ್ಟರ್ ಕೈ ತೆಗೆದಳು. ಅಮ್ಮ ನನ್ನ ಮೇಲೇ ರೇಗಿದಳು. "ನಾನೇ ಕೇಳ್ದೆ ಕಣೇ. ನಮ್ಮಪ್ಪನಿಗೆ ದಿನಾ ಹೇಳಿ ಹೇಳಿ ಸಾಕಾಗಿದೆ, ಅವರಪ್ಪನಿಗೂ ಒಂದು ಮಾತು ಹಾಕು ಅಂದೆ. ಯಾರು ಕೇಳಿಸ್ಕೊಂಡ್ರೂ ನೋವು ಹೋದ್ರೆ ಸಾಕು." ನೋವೇನೂ ಹೋಗಲಿಲ್ಲ. ಆದರೆ ಆ ಮಧ್ಯಾಹ್ನವನ್ನು ನಾನು ಮುಂದೆ ಠಾಣೆಯಲ್ಲಿ ಹೇಳಬೇಕಾಯಿತು.

ಅಮ್ಮ ತೀರಿಕೊಂಡ ಬೆಳಿಗ್ಗೆ ಅವಳ ಮೈ ತೊಳೆದು, ಬಾಯಿ ಕಟ್ಟಿ, ಸೀರೆ ಉಡಿಸಿದ್ದು ಸಿಸ್ಟರ್. ಗಂಡಸರು ಕಡಿಮೆ ಇದ್ದರು. ಆಗ ಹೆಗಲು ಕೊಟ್ಟವರಲ್ಲಿ ಒಬ್ಬ, ನಮ್ಮ ಬೀದಿಗೆ ನೀರಿನ ಕ್ಯಾನ್ ಹಾಕುವವನು. ಮೂವತ್ತರ ಆಸುಪಾಸಿನವನು. ಹೆಂಡತಿ, ಪುಟ್ಟ ಮಗು. "ಅಕ್ಕ, ನಾನಿದೀನಿ ಬಿಡಿ" ಎಂದು ಬಂದವನು ಚಿತಾಗಾರದಿಂದ ಬೂದಿ ತರುವವರೆಗೂ ಜೊತೆಗಿದ್ದ. ನನಗೆ ತಮ್ಮ ಇಲ್ಲ. ಇದ್ದಿದ್ದರೆ ಹೀಗಿರುತ್ತಿದ್ದನೇನೋ ಎಂದು ಅಂದುಕೊಂಡಿದ್ದುಂಟು.

ಅಮ್ಮ ಹೋದ ಮೇಲೂ ಸಿಸ್ಟರ್ ಬರುತ್ತಿದ್ದಳು. ಬೇರೆ ರೋಗಿಯ ಮನೆಗೆ ಹೋಗುವ ದಾರಿಯಲ್ಲಿ ಕಾಫಿಗೆ ಇಳಿಯುತ್ತಿದ್ದಳು. ಅಂಜನಾಪುರದ ಕಡೆಯ ಒಂದು ಬಡಾವಣೆಯಲ್ಲಿ, ಪ್ಲೈವುಡ್ ಅಂಗಡಿಯ ಮೇಲಿನ ಹಾಲಿನಲ್ಲಿ, ಅವಳ ಕಡೆಯ ಕೆಲವು ಕುಟುಂಬಗಳು ಭಾನುವಾರ ಸೇರಿ ಪ್ರಾರ್ಥನೆ ಮಾಡುತ್ತಿದ್ದವು. ಕಾರ್ಖಾನೆಯಿಂದ ನಿವೃತ್ತನಾದ ಒಬ್ಬ ಮುದುಕ ಅವರ ಪಾಸ್ಟರ್. ಅವಳ ಮಗಳು ಡಿಪ್ಲೊಮಾ ಪಾಸಾದಾಗ ಅಲ್ಲೇ ಊಟ ಇಟ್ಟುಕೊಂಡು ನನ್ನನ್ನೂ ಕರೆದಳು. ಹೋದೆ. ಊಟ ಚೆನ್ನಾಗಿತ್ತು. ಹಾಡು ಸ್ವಲ್ಪ ಜಾಸ್ತಿಯೇ ಆಯಿತು.

ಹೊರಗೆ ಬಂದಾಗ ಎದುರಿನ ಖಾಲಿ ಸೈಟಿನಲ್ಲಿ ಹುಡುಗರು ಸಾಲಾಗಿ ನಿಂತು ಕವಾಯತು ಮಾಡುತ್ತಿದ್ದರು. ಎಲ್ಲರಿಗೂ ಒಂದೇ ಬಣ್ಣದ ಬನಿಯನ್. ಬೆನ್ನ ಮೇಲಿನ ಗುರುತು ನಾನು ದಿನವೂ ಕಂಪ್ಯೂಟರಿನಲ್ಲಿ ನೋಡುವ ಗುರುತು.

ಕಟ್ಟಡದ ಮಾಲೀಕ ಕೆಳಗೆ ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದ. ಹಳೆಯ ಹಳ್ಳಿಯವನು. ಆ ಸೈಟುಗಳೆಲ್ಲ ಒಂದು ಕಾಲಕ್ಕೆ ಅವನ ಮನೆಯವರ ರಾಗಿ ಹೊಲ. "ಇವರು ಯಾವಾಗಿಂದ ಬರ್ತಿದಾರೆ?" ಎಂದು ಕೇಳಿದೆ.

"ಯಾರು, ಆ ಹುಡುಗ್ರಾ? ಒಳ್ಳೆ ಹುಡುಗ್ರು ಮೇಡಂ. ಮೊನ್ನೆ ರಕ್ತದಾನ ಮಾಡ್ಸುದ್ರು. ಕುಡಿಯೋ ಹುಡುಗ್ರನ್ನೆಲ್ಲ ಹಿಡ್ಕೊಂಬಂದು ದಂಡ ಹೊಡಿಸ್ತಾರೆ."

"ಮುಂದಕ್ಕೆ ಇವರು ಮೇಲಿನ ಹಾಲಿಗೆ ಬರ್ತಾರೆ. ಹುಷಾರಾಗಿರಿ."

ಅವನು ನಕ್ಕ. "ನಮ್ ಏರಿಯಾದಲ್ಲಿ ಹಂಗೆಲ್ಲ ಆಗಲ್ಲ ಮೇಡಂ. ನಾವಿದೀವಲ್ಲ."

ಸಿಸ್ಟರಿಗೂ ಹೇಳಿದೆ. ಕೆಲವು ವಾರ ಬೇರೆ ಕಡೆ ಸೇರಿ, ಗೇಟಿಗೆ ಬೀಗ ಹಾಕಿಕೊಳ್ಳಿ ಎಂದೆ. ಅವಳಿಗೆ ಕೋಪ ಬಂತು. "ಯಾಕ್ ಮೇಡಂ, ನಾವೇನು ಕದ್ದ ಮಾಲು ಇಟ್ಕೊಂಡಿದೀವಾ? ಬಾಡಿಗೆ ಕಟ್ತೀವಿ, ಕಿಟಕಿ ತೆಕ್ಕೊಂಡು ಹಾಡ್ತೀವಿ." ಹಾಡುವವರೇ ಕಿಟಕಿ ಮುಚ್ಚಿಕೊಳ್ಳಬೇಕು ಎಂದು ಬಾಯಿಬಿಟ್ಟು ಹೇಳುವ ಹಾಗಾಯಿತಲ್ಲ ಎಂದು ನನ್ನ ಮಾತೇ ನನಗೆ ಹೇಸಿಗೆಯಾಯಿತು.

ಕೆಲವು ವಾರದ ಮೇಲೆ ಒಂದು ಭಾನುವಾರ ಬೆಳಿಗ್ಗೆ ದೋಸೆ ಹಾಕುತ್ತಿದ್ದೆ. ಸಿಸ್ಟರಿನ ಮಗಳ ಫೋನು ಬಂತು. ಮಾತಿಗಿಂತ ಹಿಂದಿನ ಸದ್ದೇ ಜೋರಾಗಿತ್ತು. "ಆಂಟಿ, ಬಂದ್ಬಿಟ್ರು" ಎಂಬಷ್ಟು ಮಾತ್ರ ಕೇಳಿಸಿತು.

ಕನಕಪುರ ರಸ್ತೆಯಲ್ಲಿ ಆಟೋದವನನ್ನು ಬೈದು ಬೈದು ಓಡಿಸಿದೆ. ದಾರಿಯಲ್ಲೇ ಪೊಲೀಸರಿಗೂ ಮೇಷ್ಟರಿಗೂ ಫೋನು ಮಾಡಿದೆ. ನಾನು ತಲುಪಿದಾಗ ಪೊಲೀಸರ ಜೀಪು ಆಗಲೇ ಬಂದು ನಿಂತಿತ್ತು. ಪೇದೆಗಳು ಕೆಳಗೆ ನಿಂತಿದ್ದರು. ಗುಂಪು ಮೇಲಿತ್ತು. ಮಾಲೀಕನ ಕುರ್ಚಿ ಖಾಲಿ.

"ಮೇಲೆ ಹೋಗ್ರೀ!" ಎಂದು ಪೇದೆಯೊಬ್ಬನಿಗೆ ಕೂಗಿದೆ. "ಸಾಹೇಬ್ರು ಬರ್ಲಿ ಮೇಡಂ," ಎಂದ. ನಾನೇ ಹತ್ತಿದೆ. ಮೆಟ್ಟಿಲ ಮೇಲೆಲ್ಲ ಚಪ್ಪಲಿಗಳು, ತುಳಿದು ಚೆಲ್ಲಾಪಿಲ್ಲಿಯಾದ ಮಕ್ಕಳ ಬೂಟುಗಳು.

ಒಳಗೆ ನೋಡಿದ್ದನ್ನು ನೋಡಿದ ಹಾಗೆ ಹೇಳುತ್ತೇನೆ. ಕೀಬೋರ್ಡು ಎರಡು ತುಂಡಾಗಿತ್ತು. ಹೆಂಗಸರು ಮಕ್ಕಳು ಒಂದು ಗೋಡೆಗೆ ಒತ್ತಿಕೊಂಡಿದ್ದರು. ಪಾಸ್ಟರನ್ನು ಮಂಡಿಯೂರಿಸಿ, ಕಿವಿ ಹಿಡಿಸಿ, ನನ್ನ ಮನೆದೇವರಿಗೆ ಜೈ ಎನ್ನು ಎಂದು ಒಬ್ಬ ಅವನ ತಲೆಯನ್ನು ಬಗ್ಗಿಸುತ್ತಿದ್ದ. ಆ ಮುದುಕ ಹೇಳುತ್ತಲೂ ಇದ್ದ. ಹೇಳಿದಷ್ಟೂ "ಜೋರಾಗಿ" ಎಂದು ಹೊಡೆಯುತ್ತಿದ್ದರು. ಸಿಸ್ಟರ್ ಅವನನ್ನು ಬಿಡಿಸಲು ಅಡ್ಡ ಹೋಗಿದ್ದಳಂತೆ. ಅವಳು ನೆಲದ ಮೇಲೆ ಕೂತು ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದಳು. ಮಣಿಕಟ್ಟು ಇರಬಾರದ ಕಡೆಗೆ ತಿರುಗಿತ್ತು. ಅವಳು ಅಳುತ್ತಿರಲಿಲ್ಲ. ಎಲ್ಲಿ ಮುರಿದಿದೆ ಎಂದು ನರ್ಸಿನ ಕಣ್ಣಿನಿಂದ ನೋಡಿಕೊಳ್ಳುತ್ತಿದ್ದಳು.

ನನ್ನ ಬಾಯಿಂದ ಏನೇನು ಬಂತೋ ಎಲ್ಲವೂ ನೆನಪಿಲ್ಲ. ಬಂದದ್ದರಲ್ಲಿ ಅಚ್ಚು ಮಾಡುವಂಥದ್ದು ಕಡಿಮೆ. ಒಬ್ಬ ಹುಡುಗ ನನ್ನ ಹಣೆಯ ಕುಂಕುಮ ನೋಡಿ ಬಹಳ ಮರ್ಯಾದೆಯಿಂದ ಹೇಳಿದ. "ಆಂಟಿ, ನೀವು ನಮ್ಮೋರೇ ಅಲ್ವಾ? ನೀವ್ ಯಾಕ್ ಇಲ್ಲಿ? ನೀವು ಹೋಗಿ, ನಿಮಗೇನೂ ಮಾಡಲ್ಲ."

ನಮ್ಮೋರು! ಆ ಮಾತು ನನಗೆ ಹೊಡೆದ ಹಾಗೆ ಯಾರ ಕೈಯೂ ಹೊಡೆದಿಲ್ಲ. ನನ್ನ ಅಮ್ಮ ಸ್ನಾನ ಮಾಡಿ, ಒದ್ದೆ ಕೂದಲಿಗೆ ಗಂಟು ಹಾಕಿಕೊಂಡು, ಗುನುಗುತ್ತಿದ್ದ ದೇವರ ಹೆಸರನ್ನೇ ಇವರು ಕೂಗುತ್ತಿದ್ದದ್ದು. ಅದನ್ನು ಇವರು ಒದೆಯುವಾಗ ಲೆಕ್ಕ ಹಾಕಲು ಬಳಸುತ್ತಿದ್ದರು. ನಾನು ಅವನನ್ನು ತಳ್ಳಿಕೊಂಡು ಸಿಸ್ಟರಿನ ಪಕ್ಕಕ್ಕೆ ಹೋದೆ. ಆಗ ಕಂಡಿದ್ದು, ಬಾಗಿಲ ಪಕ್ಕದಲ್ಲಿ ಫೋನು ಎತ್ತಿ ಹಿಡಿದು ಎಲ್ಲವನ್ನೂ ಚಿತ್ರೀಕರಿಸಿಕೊಳ್ಳುತ್ತಿದ್ದ ನಮ್ಮ ಬೀದಿಯ ನೀರಿನ ಕ್ಯಾನಿನವನ ಮುಖ. ಅವನೂ ನನ್ನನ್ನು ನೋಡಿದ. ಫೋನು ಇಳಿಸಲಿಲ್ಲ. ನನ್ನ ಮುಖ ಬಾರದ ಹಾಗೆ ಸ್ವಲ್ಪ ಆಚೆ ತಿರುಗಿಸಿದ, ಅಷ್ಟೇ. ಅದು ನನಗೆ ತೋರಿಸಿದ ಮರ್ಯಾದೆ.

ದೇಶದ ಮೂಲೆಮೂಲೆಯಲ್ಲಿ ಅವರು ಎಲ್ಲಿದ್ದಾರೆ ಎಂದು ಹುಡುಕಿ ಗುರುತು ಹಾಕುವವಳು ನಾನು. ನನ್ನ ಅಡುಗೆಮನೆಗೆ ವಾರಕ್ಕೆರಡು ಸಲ ಬಂದು ಕ್ಯಾನು ಇಳಿಸಿ ಹೋಗುವವನನ್ನು ಕಂಡಿರಲಿಲ್ಲ.

ಸಾಹೇಬರು ಬಂದ ಮೇಲೆಯೇ ಪೇದೆಗಳು ಮೆಟ್ಟಿಲು ಹತ್ತಿದರು, ಗುಂಪನ್ನು ಕೆಳಗೆ ಕಳಿಸಿ ಪಾಸ್ಟರನ್ನು ಜೀಪಿಗೆ ಹತ್ತಿಸಿದರು. ಸಿಸ್ಟರನ್ನು ಅವಳ ಮಗಳ ಜೊತೆ ಆಸ್ಪತ್ರೆಗೆ ಕಳಿಸಿ ನಾನು ಠಾಣೆಗೆ ಹೋದೆ. ಅಲ್ಲಿ ಆ ಗುಂಪಿನ ಮುಂದಾಳುಗಳು ನನಗಿಂತ ಮೊದಲೇ ಬಂದು, ಟೀ ಕುಡಿದು, ದೂರು ಕೊಟ್ಟು ಮುಗಿಸಿದ್ದರು. ಪಾಸ್ಟರ್ ಮತ್ತು ಸಿಸ್ಟರ್ ಆಮಿಷ ಒಡ್ಡಿ ಜನರನ್ನು ಮತಾಂತರ ಮಾಡುತ್ತಿದ್ದಾರೆ ಎಂದು ದೂರು. ಪಾಸ್ಟರ್ ತುಟಿ ಒಡೆದುಕೊಂಡು ಬೆಂಚಿನ ಮೇಲೆ ಕೂತಿದ್ದ.

"ಮೇಡಂ, ಎರಡೂ ಕಡೆಯವರದ್ದು ತಗೋತೀವಿ. ಬ್ಯಾಲೆನ್ಸ್ ಆಗಿರುತ್ತೆ," ಎಂದರು ಅಧಿಕಾರಿ. ನಾನು ಸಾಕ್ಷಿ ಹೇಳಬೇಕು ಎಂದೆ. ಒಬ್ಬ ಪೇದೆ ಬರೆಯತೊಡಗಿದ. ಹೆಸರು, ವಿಳಾಸ, ಸಿಸ್ಟರ್ ಹೇಗೆ ಪರಿಚಯ. ನಮ್ಮ ಅಮ್ಮನನ್ನು ನೋಡಿಕೊಂಡರು ಎಂದೆ.

ಅಧಿಕಾರಿ ಫೈಲಿನಿಂದ ತಲೆ ಎತ್ತಿದರು. "ಓ. ನಿಮ್ಮ ತಾಯಿಯವರಿಗೆ ಯಾವತ್ತಾದ್ರೂ ಪ್ರಾರ್ಥನೆ ಗೀರ್ಥನೆ ಮಾಡಿದ್ರಾ?"

ಸುಳ್ಳು ಹೇಳಬಹುದಿತ್ತು. ಅದು ಬಾಯಿಗೂ ಬಂದಿತ್ತು. ಸುಳ್ಳು ಹೇಳಿ ಸಿಕ್ಕಿಬಿದ್ದರೆ ಸಿಸ್ಟರಿಗೇ ಕೇಡು. "ಒಂದು ಸಲ ಮಾಡಿದ್ದಾರೆ. ಅಮ್ಮನೇ ಕೇಳಿ ಮಾಡಿಸ್ಕೊಂಡ್ರು," ಎಂದೆ.

"ನೋಡಿ, ನೀವೇ ಹೇಳ್ತಿದೀರಲ್ಲ," ಎಂದು ಅವರು ಪೇದೆಗೆ ಕಣ್ಸನ್ನೆ ಮಾಡಿದರು. ಪೇದೆ ಸರಸರನೆ ಬರೆದು ಹಾಳೆಯನ್ನು ನನ್ನ ಕಡೆ ತಳ್ಳಿ ಸಹಿ ಹಾಕಿ ಎಂದ.

ಓದಿದೆ. "ಸದರಿ ನರ್ಸ್ ನಮ್ಮ ಮನೆಯಲ್ಲಿಯೂ ರೋಗಿಯಾಗಿದ್ದ ನಮ್ಮ ತಾಯಿಗೆ ತಮ್ಮ ಧರ್ಮದ ಪ್ರಾರ್ಥನೆ ಮಾಡಿಸಿರುತ್ತಾರೆ. ಈ ದಿನ ಸದರಿ ಸ್ಥಳದಲ್ಲಿ ಎರಡು ಗುಂಪುಗಳ ನಡುವೆ ಗಲಾಟೆ ನಡೆದು ಕೆಲವರಿಗೆ ಗಾಯಗಳಾಗಿರುತ್ತವೆ."

ನಾನು ಚೀಲದಿಂದ ಕೆಂಪು ಪೆನ್ನು ತೆಗೆದೆ. ಡೆಸ್ಕಿನ ಕಾಲದ ಚಾಳಿ, ಈಗಲೂ ಚೀಲದಲ್ಲಿರುತ್ತದೆ. "ಮಾಡಿಸಿರುತ್ತಾರೆ" ಎಂಬುದನ್ನು ಹೊಡೆದು ಹಾಕಿ, "ನಮ್ಮ ತಾಯಿಯೇ ಕೇಳಿಕೊಂಡಿದ್ದರಿಂದ ಮಾಡಿದರು, ಧರ್ಮ ಬದಲಿಸಲು ಯಾವತ್ತೂ ಹೇಳಿಲ್ಲ" ಎಂದು ಮೇಲೆ ಬರೆದೆ. "ಎರಡು ಗುಂಪುಗಳ ನಡುವೆ" ಹೊಡೆದು ಹಾಕಿದೆ. "ಗಲಾಟೆ" ಹೊಡೆದು "ಹಲ್ಲೆ" ಎಂದು ಬರೆದೆ.

ಪೇದೆ ಗಾಬರಿಯಾದ. "ಮೇಡಂ, ಹಂಗೆಲ್ಲ ಗೀಚಂಗಿಲ್ಲ!"

"ಹಾಗಾದ್ರೆ ಹೊಸದಾಗಿ ಬರೀರಿ. ನಾನು ಹೇಳಿದ ಹಾಗೆ."

"ಇದೇನು ಕನ್ನಡ ಪರೀಕ್ಷೆನಾ?" ಎಂದು ಅಧಿಕಾರಿ ರೇಗಿದರು.

"ಹೌದು ಸಾರ್. ನೀವು ಫೇಲ್ ಆಗ್ತಿದೀರ," ಎಂದೆ. ಆ ಧೈರ್ಯ ಎಲ್ಲಿಂದ ಬಂತು ಎಂದು ಕೇಳಿದರೆ, ಧೈರ್ಯವಲ್ಲ ಅದು. ಹೊಟ್ಟೆಯಲ್ಲಿ ಹೊತ್ತಿಕೊಂಡದ್ದು ಬಾಯಲ್ಲಿ ಬಂತು.

ಅಷ್ಟರಲ್ಲಿ ಮೇಷ್ಟ್ರು ಬಂದರು. ಅವರು ಕೂಗುವುದಿಲ್ಲ. ಸಾಕ್ಷಿಯ ಹೇಳಿಕೆಯನ್ನು ಸಾಕ್ಷಿ ಹೇಳಿದಂತೆ ಬರೆಯದಿದ್ದರೆ ಏನಾಗುತ್ತದೆ ಎಂದು ಪಾಠ ಹೇಳುವ ದನಿಯಲ್ಲಿ ವಿವರಿಸಿದರು. ಪೇದೆ ಹೊಸ ಹಾಳೆ ತೆಗೆದ. ನಾನು ಒಂದೊಂದೇ ವಾಕ್ಯ ಹೇಳಿದೆ. ಪ್ರತಿ ವಾಕ್ಯಕ್ಕೂ ಒಬ್ಬ ಕರ್ತೃ, ಒಂದು ಕ್ರಿಯಾಪದ. ಯಾರು ಹೊಡೆದರು. ಯಾರನ್ನು ಹೊಡೆದರು. ಯಾವುದರಿಂದ ಹೊಡೆದರು. ಯಾರು ಚಿತ್ರ ತೆಗೆಯುತ್ತಿದ್ದ ಎಂಬಲ್ಲಿಗೆ ಬಂದಾಗ ಪೇದೆ ಪೆನ್ನು ನಿಲ್ಲಿಸಿ ನನ್ನನ್ನು ನೋಡಿದ. "ಗೊತ್ತಾ ನಿಮಗೆ?" ನಾನು ಕ್ಯಾನಿನವನ ಹೆಸರು ಹೇಳಿದೆ. ಅವನ ಮನೆ ಯಾವ ಅಡ್ಡರಸ್ತೆಯಲ್ಲಿದೆ ಎಂದೂ ಹೇಳಿದೆ.

ಮಾರನೆಯ ದಿನ ಪತ್ರಿಕೆ ತೆರೆದೆ. ಒಳಪುಟದಲ್ಲಿ ಒಂದು ಕಾಲಂ. "ಮತಾಂತರ ಆರೋಪ: ಗಲಾಟೆ." ಕಚೇರಿಗೆ ಹೋಗಿ ಹಳೆಯ ಡೆಸ್ಕಿನ ಗೆಳೆಯನೊಬ್ಬನಿಗೆ ಫೋನು ಮಾಡಿದೆ. "ಪೊಲೀಸ್ರು ಕೊಟ್ಟಿದ್ದನ್ನ ಹಾಕಿದೀವಿ. ನಿಂಗೆ ಗೊತ್ತಲ್ಲ ಹೆಂಗೆ ಅಂತ," ಎಂದ. ಗೊತ್ತಿತ್ತು. ಅದಕ್ಕೇ ಫೋನು ಕುಕ್ಕಿದೆ.

ನಮ್ಮ ನಕ್ಷೆಯಲ್ಲಿ ಈ ಘಟನೆಯನ್ನು ನಾನೇ ಬರೆಯಲು ಕೂತೆ. ಮೇಷ್ಟ್ರು ಬೇಡ ಎಂದರು. "ನೀವು ಸಾಕ್ಷಿ. ಬೇರೆಯವರು ವಿಚಾರಿಸಿ ಬರೀಬೇಕು. ಇಲ್ಲದಿದ್ರೆ ನಾಳೆ ಎಲ್ಲಾನೂ ಕಟ್ಟುಕಥೆ ಅಂತಾರೆ." ಅವರ ಮೇಲೂ ಕೂಗಾಡಿದೆ. ನಾನು ನೋಡಿದ್ದೇ ಸಾಲದೇ? ಕೆಳಗೆ ಹಲ್ಲಿನ ಡಾಕ್ಟರ ಡ್ರಿಲ್ಲು ನಿಂತಿತು, ಅಷ್ಟು ಜೋರಾಗಿ ಕೂಗಿದ್ದೆ. ಬಾಗಲಕೋಟೆಯ ಹುಡುಗಿ ನೀರು ತಂದು ಕೊಟ್ಟಳು. "ಅಕ್ಕಾರ, ನಾ ಹೋಗಿ ಎಲ್ಲಾರ್ನೂ ಕೇಳಿ ಬರೀತೀನಿ. ನೀವು ಹಿಂಗ ಉರಕೊಂಡು ಕುಂತ್ರ ಆ ಮಂದಿಗಷ್ಟ ಹಬ್ಬ." ಅವಳು ಹೋದಳು. ಮಾಲೀಕನನ್ನೂ ಮಾತಾಡಿಸಿದಳು. ಅವನು ಅವತ್ತು ಬೆಳಿಗ್ಗೆ ಬೇಗೂರಿನಲ್ಲಿ ನೆಂಟರ ಮನೆಯಲ್ಲಿದ್ದೆ ಎಂದನಂತೆ. ಹಾಲನ್ನು ಖಾಲಿ ಮಾಡಿಸುತ್ತಿದ್ದೇನೆ, ನನಗೂ ಮನೆ ಮಠ ಇದೆ ಎಂದನಂತೆ. "ನಾವಿದೀವಲ್ಲ" ಎಂದು ನಕ್ಕವನು ಅವನೇ.

ಕ್ಯಾನಿನವನನ್ನೂ ಇನ್ನು ಕೆಲವರನ್ನೂ ಹಿಡಿದರು. ಜಾಮೀನು ಬೇಗ ಸಿಕ್ಕಿತು. ಬಿಡುಗಡೆಯಾದಾಗ ಹಾರ ಹಾಕಿ, ಬೈಕುಗಳ ಮೆರವಣಿಗೆಯಲ್ಲಿ ನಮ್ಮ ಬೀದಿಯಲ್ಲೇ ಕರೆತಂದರು. ಮಹಡಿಯ ಮೇಲೆ ನಿಂತು ನೋಡಿದೆ. ಯಾವ ಮನೆಯಿಂದ ಯಾರು ಚಪ್ಪಾಳೆ ತಟ್ಟಿದರು ಎಂದು ನೋಡಿದೆ. ಬೀದಿಯ ಹೆಂಗಸರು ಶುಕ್ರವಾರದ ಲಲಿತಾ ಸಹಸ್ರನಾಮಕ್ಕೆ ನನ್ನನ್ನು ಕರೆಯುವುದು ನಿಂತಿತು. ನಾನಾಗಿ ಹೋಗುವುದನ್ನೂ ಬಿಟ್ಟೆ. ನೀರಿಗೆ ಬೇರೆಯವರನ್ನು ಹಿಡಿದೆ.

ಒಂದು ಬೆಳಿಗ್ಗೆ ಅವನೇ ಗೇಟಿನ ಹತ್ತಿರ ಬಂದ. ಒಬ್ಬನೇ ಬಂದಿದ್ದ. "ಅಕ್ಕ, ನೀವು ನನ್ ಹೆಸರು ಕೊಟ್ರಂತೆ."

"ಕೊಟ್ಟೆ."

"ನಿಮ್ಮಮ್ಮನಿಗೆ ಹೆಗಲು ಕೊಟ್ಟಿದೀನಿ ನಾನು."

"ಅದೇ ಅಮ್ಮನ ಮೈ ತೊಳೆದ ಕೈಯನ್ನ ಮುರಿದ್ರಿ."

"ನಾನು ಒಬ್ರನ್ನೂ ಮುಟ್ಟಿಲ್ಲ ಅಕ್ಕ. ವಿಡಿಯೋ ತೆಗಿತಿದ್ದೆ ಅಷ್ಟೇ. ದೇವ್ರಾಣೆ." ಅವನ ಕಣ್ಣಲ್ಲಿ ನಿಜಕ್ಕೂ ನೀರಿತ್ತು. ಅದೇ ನನಗೆ ಹೆಚ್ಚು ಸಿಟ್ಟು ತರಿಸಿತು. ಅಳುವ ಯೋಗ್ಯತೆ ಇದ್ದವನು ಅವತ್ತು ಫೋನು ಇಳಿಸಬಹುದಿತ್ತು.

"ಯಾವ ದೇವ್ರಾಣೆ?" ಎಂದೆ. "ಆ ಮುದುಕನ ತಲೆ ಬಗ್ಗಿಸಿ ಜೈ ಅನ್ನಿಸಿದ್ರಲ್ಲ, ಆ ದೇವ್ರಾಣೆನಾ?" ಗೇಟು ಹಾಕಿಕೊಂಡು ಒಳಗೆ ಬಂದೆ. ಅವನಿಗೆ ಎರಡು ಬಾರಿಸಲಿಲ್ಲವಲ್ಲ ಎಂದು ಎಷ್ಟೋ ದಿನ ಕೈ ಕೈ ಹಿಸುಕಿಕೊಂಡಿದ್ದೇನೆ.

ಪಾಸ್ಟರ್ ಮತ್ತು ಸಿಸ್ಟರಿನ ಮೇಲಿನ ಕೇಸಿನಲ್ಲಿ, ತನ್ನನ್ನು ಮತಾಂತರ ಮಾಡಿದರು ಎಂದು ಹೇಳಲು ಒಬ್ಬರೂ ಮುಂದೆ ಬರಲಿಲ್ಲ. ಮೇಷ್ಟರ ಹಳೆಯ ವಿದ್ಯಾರ್ಥಿಯೊಬ್ಬಳು ವಕೀಲಳಾಗಿ ನಿಂತು ಅದನ್ನು ವಜಾ ಮಾಡಿಸಿದಳು. ಆ ಸುದ್ದಿ ಯಾವ ಪತ್ರಿಕೆಯ ಯಾವ ಮೂಲೆಯಲ್ಲೂ ಬರಲಿಲ್ಲ. ಹಲ್ಲೆಯ ಕೇಸು ಇನ್ನೂ ನಡೆಯುತ್ತಿದೆ. ಆ ಕುಟುಂಬಗಳು ಈಗ ದೂರದ ಒಂದು ಹಳೆಯ ಚರ್ಚಿನ ಆವರಣದಲ್ಲಿ, ಅಲ್ಲಿಯವರ ಪ್ರಾರ್ಥನೆ ಮುಗಿದ ಮೇಲೆ ಸೇರುತ್ತವೆ. ಕೆಲವರು ಬರುವುದನ್ನೇ ಬಿಟ್ಟಿದ್ದಾರೆ. ಪಾಸ್ಟರ್ ಮಗನ ಊರಿಗೆ ಹೋಗಿಬಿಟ್ಟ.

ಸಿಸ್ಟರಿನ ಮಣಿಕಟ್ಟಿಗೆ ಲೋಹದ ಪಟ್ಟಿ ಹಾಕಿದರು. ಕೂಡಿಕೊಂಡಿತು, ಆದರೆ ಮೊದಲಿನ ಹಾಗಲ್ಲ. ಈಗ ಅವಳಿಗೆ ಮಲಗಿದವರನ್ನು ಎತ್ತಿ ಮಗ್ಗುಲಾಗಿಸಲು ಆಗುವುದಿಲ್ಲ. ಬನಶಂಕರಿಯ ಒಂದು ಲ್ಯಾಬಿನಲ್ಲಿ ಕೂತು ಬಂದವರ ಹೆಸರು ಕರೆಯುತ್ತಾಳೆ. ನನ್ನ ಅಮ್ಮನಂಥ ಎಷ್ಟು ಮುದುಕಿಯರು ನೋವಿಲ್ಲದೆ ಮಗ್ಗುಲಾಗುವುದು ಆ ಭಾನುವಾರ ತಪ್ಪಿಹೋಯಿತೋ, ಅದನ್ನು ಯಾವ ನಕ್ಷೆಯಲ್ಲಿ ಹಾಕಲಿ?

ಮೊದಲ ತಿಂಗಳುಗಳಲ್ಲಿ ಅವಳನ್ನು ಜಯನಗರದ ಫಿಸಿಯೋಥೆರಪಿಗೆ ನಾನೇ ಕರೆದುಕೊಂಡು ಹೋಗುತ್ತಿದ್ದೆ. ಎಲ್ಲರಿಗೂ ವ್ಯಾಯಾಮ ಮಾಡಿಸಿದವಳು ತಾನು ಮಾಡಲು ಮಹಾ ಕಳ್ಳಿ. ರಬ್ಬರ್ ಚೆಂಡನ್ನು ನಾಲ್ಕು ಸಲ ಹಿಸುಕಿ ಹತ್ತು ಎನ್ನುತ್ತಿದ್ದಳು. ಒಂದು ದಿನ ಅಲ್ಲಿಂದ ಹೊರಗೆ ಬಂದು ಎಳನೀರು ಕುಡಿಯುತ್ತಿದ್ದಾಗ ಅವಳು ಹೇಳಿದಳು. "ಮೇಡಂ, ನಾನು ಅವರನ್ನೆಲ್ಲ ಕ್ಷಮಿಸಿಬಿಟ್ಟೆ."

ನನಗೆ ಮೈಯೆಲ್ಲ ಉರಿದುಹೋಯಿತು. ಫುಟ್‌ಪಾತಿನಲ್ಲೇ ಕೂಗಿದೆ. "ಯಾಕೆ? ಯಾರು ಬಂದು ಕೇಳಿದ್ರು ನಿಮ್ಮನ್ನ? ಒಬ್ಬನಾದ್ರೂ ತಪ್ಪಾಯ್ತು ಅಂದ್ನಾ? ಅಷ್ಟು ಸಲೀಸಾ?" ಎಳನೀರಿನವನು ಮಚ್ಚು ಹಿಡಿದುಕೊಂಡೇ ನಮ್ಮಿಬ್ಬರನ್ನೂ ನೋಡುತ್ತ ನಿಂತ.

ಸಿಸ್ಟರ್ ಎಡಗೈಯಲ್ಲಿ ಕಾಯಿ ಹಿಡಿದು, ಕೊನೆಯ ಗುಟುಕಿನವರೆಗೂ ಕುಡಿದು ಮುಗಿಸಿದಳು. "ನಿಮಗೆ ಬಿಪಿ ಇದೆ, ಕೂಗ್ಬೇಡಿ. ಕ್ಷಮಿಸಿದ್ದು ನಂಗೂ ನನ್ನ ದೇವರಿಗೂ ಇರೋ ವಿಷಯ. ರಾತ್ರಿ ನಿದ್ದೆ ಬರಬೇಕಲ್ಲ ನಂಗೆ."

"ಹಾಗಾದ್ರೆ ಕೋರ್ಟಿಗೆ ಬರಲ್ವಾ?"

"ಯಾಕ್ ಬರಲ್ಲ? ಅಲ್ಲಿ ಕ್ಷಮೆ ಯಾರು ಕೇಳ್ತಾರೆ? ಏನು ನಡೀತು ಅಂತ ಕೇಳ್ತಾರೆ. ನಡೆದಿದ್ದನ್ನ ಒಂದೂ ಬಿಡದೆ ಹೇಳ್ತೀನಿ."

ಹೇಳಿದಂತೆ ಬಂದಳು. ಸಾಕ್ಷಿ ಕಟ್ಟೆ ಹತ್ತಿ, ಯಾರು ತನ್ನ ಕೈ ತಿರುಚಿದ, ಯಾರು ಮುದುಕನ ಬೆನ್ನಿಗೆ ಒದ್ದ, ಯಾರು ಫೋನು ಹಿಡಿದಿದ್ದ ಎಂದು ಒಬ್ಬೊಬ್ಬರನ್ನೂ ಎಡಗೈ ಎತ್ತಿ ತೋರಿಸಿದಳು. ಅವರ ವಕೀಲ ಎದ್ದು, ಅವತ್ತು ಅಲ್ಲಿ ನಡೆದದ್ದು ಎರಡು ಗುಂಪುಗಳ ಗಲಾಟೆ ತಾನೇ ಎಂದು ಕೇಳಿದ. "ಇಲ್ಲ ಸಾರ್," ಎಂದಳು ಸಿಸ್ಟರ್. "ಅವರು ಹೊಡೆದ್ರು. ನಾವು ಹೊಡೆಸ್ಕೊಂಡ್ವಿ." ಗುಮಾಸ್ತೆ ಅದನ್ನು ಹಾಗೆಯೇ ಟೈಪು ಮಾಡಿದಳು. ನನ್ನ ಸಾಕ್ಷಿಯ ಸರದಿ ಬರುವಷ್ಟರಲ್ಲಿ ಮುಂದಿನ ತಾರೀಖು ಕೊಟ್ಟರು. ಹೊರಗೆ ಬಂದಾಗ ಕ್ಯಾನಿನವನು ಕಾರಿಡಾರಿನಲ್ಲಿ ಮಗುವನ್ನು ಎತ್ತಿಕೊಂಡು ನಿಂತಿದ್ದ. ನಾನು ಅವನ ಮುಂದೆಯೇ ಹಾದು, ಸಿಸ್ಟರಿನ ಚೀಲವನ್ನು ನನ್ನ ಹೆಗಲಿಗೆ ಹಾಕಿಕೊಂಡು, ಮೆಟ್ಟಿಲಿಳಿದೆ.